ಮಿಸ್ ಹೊಡೆದ ಗಾಡಿ

"ಅಪ್ಪ, ನಿಮ್ಮ ತೂಕ ಎಷ್ಟು?"

"ಎಪ್ಪತ್ತೆರಡಿರಬಹುದು. ಎಂತಕ್ಕೆ?"

ಒಲೆಯ ಮುಂದೆ ಚಪಾತಿ ಬೇಯಿಸುತ್ತಿದ್ದ ಅಮ್ಮ ತಿರುಗಿ, "ಬುತ್ತಿದೂ ಲೆಕ್ಕಕ್ಕೆ ಹಿಡೀತೀಯಾ?" ಎಂದಳು. ಅವಳು ಕೇಳಿದ್ದು ತಮಾಷೆಗೆ. ನಾನು ಹಿಡಿಯುವವನೇ ಇದ್ದೆ. ನಾಲ್ಕು ಸೀಟಿನ ನಮ್ಮ ಹಳೆಯ ಸೆಸ್ನಾ 172ರಲ್ಲಿ ವಿಮಾನ, ಜನ, ಪೆಟ್ರೋಲು, ಚೀಲ, ಬುತ್ತಿ ಎಲ್ಲ ಕೂಡಿ 2,300 ಪೌಂಡ್ ಮೀರುವಂತಿಲ್ಲ. ನಮ್ಮ ತಕ್ಕಡಿಯಲ್ಲಿ 1,043 ಕೆಜಿ. ಎಷ್ಟು ತೂಕ ಎಂದು ನೋಡಿದರೆ ಸಾಲದು, ಯಾವ ತೂಕ ಎಲ್ಲಿ ಕೂತಿದೆ ಎಂದೂ ಗುಣಿಸಿ ಕೂಡಿಸಿ ನೋಡಬೇಕು. ಅಮ್ಮ ಸ್ವಲ್ಪ ಹೊತ್ತು ನನ್ನ ಕಾಗದ ನೋಡಿ, "ಜನರನ್ನು ತೂಗಿ ಹತ್ತಿಸೋ ಗಾಡಿ ನಂಗೆ ಬೇಡ. ನೀವಿಬ್ಬರೇ ಹೋಗಿ ಬನ್ನಿ" ಎಂದು ತೀರ್ಮಾನ ಕೊಟ್ಟಳು. ಡಬ್ಬಿಯನ್ನು ಹಳೇ ಸೀರೆಯ ತುಂಡಿನಲ್ಲಿ ಸುತ್ತಿ, ಬಿಚ್ಚಿಕೊಳ್ಳದಿರಲೆಂದು ಮೇಲೊಂದು ಪಿನ್ನು ಹಾಕಿ ಕೈಗೆ ಕೊಟ್ಟಳು.

ಅದು ಫೆಬ್ರವರಿಯ ಕೊನೆಯ ಭಾನುವಾರ. ಕ್ಯಾಲಿಫೋರ್ನಿಯಾದ ಲಿವರ್‌ಮೋರ್‌ನಿಂದ ಹೊರಟು ಸಿಯೆರಾ ನೆವಾಡಾ ಬೆಟ್ಟಗಳ ತಪ್ಪಲಿನ ಕೊಲಂಬಿಯಾ ಎಂಬ ಹಳೆಯ ಚಿನ್ನದ ಊರು ನೋಡಿ, ಅಲ್ಲೇ ಬುತ್ತಿ ಬಿಚ್ಚಿ ಉಂಡು, ಸಂಜೆಯೊಳಗೆ ವಾಪಸು ಬರುವುದೆಂದು ಹೊರಟಿದ್ದೆವು. ಕಾರಿನಲ್ಲಿ ಎರಡು ಗಂಟೆಯ ದಾರಿ, ಇದರಲ್ಲಿ ನಲವತ್ತು ನಿಮಿಷ. ಹೋಗಿ ಬರಲು ಹಿಡಿದದ್ದು ಇಪ್ಪತ್ತೇಳು ಗಂಟೆ.

ಕನ್ನಡ ಕೂಟದ ಯುಗಾದಿ ಊಟದಲ್ಲಿ ಯಾರಾದರೂ "ಇವರ ಹತ್ರ ವಿಮಾನ ಇದೆ ಕಣ್ರೀ" ಎಂದು ಪರಿಚಯ ಮಾಡಿಕೊಟ್ಟಾಗ ನಾನು ಗಡಿಬಿಡಿಯಿಂದ ಕೋಸಂಬರಿ ಕಡೆ ಕೈ ಹಾಕುತ್ತೇನೆ. ಕೇಳಿದವರ ಕಣ್ಣೆದುರು ಬಿಳಿ ಜೆಟ್ಟು, ಮೆಟ್ಟಿಲು, ಗಗನಸಖಿ ಎಲ್ಲ ಬಂದಿರುತ್ತದೆ. ನಿಜ ಏನೆಂದರೆ, ಈ ವಿಮಾನದಲ್ಲಿ ನನ್ನದು ಮೂರನೇ ಒಂದು ಪಾಲು. ಉಳಿದ ಪಾಲು ಒಬ್ಬ ನಿವೃತ್ತ ಮೇಷ್ಟರದು ಮತ್ತು ಒಬ್ಬ ನರ್ಸಮ್ಮನದು. ವಿಮಾನ 1975ರದ್ದು, ನನಗಿಂತ ನಾಲ್ಕು ವರ್ಷ ದೊಡ್ಡದು. ಮುಂದಿನ ಎರಡು ಸೀಟಿನಲ್ಲಿ ಇಬ್ಬರು ಕೂತರೆ ಭುಜಕ್ಕೆ ಭುಜ ತಾಗುತ್ತದೆ. ಕಿಟಕಿಯ ಚಿಲಕ ನಮ್ಮೂರ ಹಳೆಯ ಜೀಪಿನದ್ದಕ್ಕಿಂತ ತೆಳು. ಇದು ಹಳೆಯದೆಂದು ಯಾರೂ ಮರುಗಬೇಕಿಲ್ಲ, ಇಂಥವುಗಳಲ್ಲಿ ಹೆಚ್ಚಿನವು ಹಳೆಯವೇ. 172 ಮೊದಲು ಹಾರಿದ್ದು 1955ರಲ್ಲಿ. ಈವರೆಗೆ 44,000ಕ್ಕೂ ಹೆಚ್ಚು ತಯಾರಾಗಿವೆ, ಬೇರಾವ ವಿಮಾನವೂ ಇಷ್ಟು ಸಂಖ್ಯೆಯಲ್ಲಿ ಬಂದಿಲ್ಲ. ಅಪಘಾತದ ದಾವೆಗಳ ಹೊರೆ ತಾಳಲಾರದೆ 1986ರಲ್ಲಿ ಕಂಪನಿ ಇದನ್ನು ಮಾಡುವುದನ್ನೇ ನಿಲ್ಲಿಸಿತು. 1994ರಲ್ಲಿ ಕಾನೂನು ಬದಲಾದ ಮೇಲೆ 1996ರಲ್ಲಿ ಮತ್ತೆ ಶುರುವಾಯಿತು. ಆ ಹತ್ತು ವರ್ಷದ ಬರಗಾಲದಿಂದಾಗಿ ಇಲ್ಲಿನ ಸಣ್ಣ ನಿಲ್ದಾಣಗಳಲ್ಲಿ ಹಗ್ಗ ಕಟ್ಟಿಸಿಕೊಂಡು ನಿಂತಿರುವ ವಿಮಾನಗಳಲ್ಲಿ ಬಹಳಷ್ಟಕ್ಕೆ ನಲವತ್ತು, ಐವತ್ತು ವಯಸ್ಸು.

ಅಪ್ಪ ಮಲೆನಾಡಿನ ಒಂದು ಬಸ್ ಡಿಪೋದಲ್ಲಿ ಮೂವತ್ತೊಂದು ವರ್ಷ ಮೆಕ್ಯಾನಿಕ್ ಆಗಿದ್ದವರು. ಘಾಟಿ ಇಳಿದು ಹತ್ತಿ ಬಂದ ಬಸ್ಸುಗಳ ಹೊಟ್ಟೆಯ ಕೆಳಗೆ ಮಲಗಿಯೇ ನಮ್ಮನ್ನು ಓದಿಸಿದವರು. ಅವರು ಅಮೆರಿಕಕ್ಕೆ ಬಂದ ವಾರದಲ್ಲೇ ನಾನು ವಿಮಾನ ತೋರಿಸಲು ಕರೆದೊಯ್ದೆ. ರೆಕ್ಕೆ ನೋಡುತ್ತಾರೆ, ಬಾಲ ನೋಡುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ ಅಂದುಕೊಂಡಿದ್ದೆ. ಅವರು ಸೀದಾ ಮೂತಿಯ ಹತ್ತಿರ ಹೋಗಿ, "ಬಾನೆಟ್ ತೆಗಿ" ಎಂದರು.

ಕೌಲಿಂಗ್ ಬಿಚ್ಚಿದೆ. ನಾಲ್ಕು ಸಿಲಿಂಡರ್, ಎದುರುಬದುರು ಮಲಗಿಸಿದ್ದು, ಗಾಳಿಯಿಂದ ತಣ್ಣಗಾಗುವಂಥದ್ದು; 150 ಕುದುರೆ ಶಕ್ತಿಯ ಲೈಕಮಿಂಗ್. ಅಪ್ಪ ಕೈ ಹಿಂದೆ ಕಟ್ಟಿಕೊಂಡು ಸುತ್ತ ನೋಡಿದರು. ಸಿಲಿಂಡರಿಗೆ ಎರಡೆರಡು ಪ್ಲಗ್, ಒಟ್ಟು ಎಂಟು. ಹಿಂದುಗಡೆ ಎರಡು ಮ್ಯಾಗ್ನೆಟೊ. "ಬ್ಯಾಟರಿ ಸತ್ತರೆ?" ಎಂದರು. ಬ್ಯಾಟರಿ ಸತ್ತರೂ, ಆಲ್ಟರ್ನೇಟರ್ ಸತ್ತರೂ, ರೇಡಿಯೋ ದೀಪ ಎಲ್ಲ ಆರಿದರೂ ಎಂಜಿನ್ ನಿಲ್ಲುವುದಿಲ್ಲ. ಎಂಜಿನ್ ತಿರುಗುವವರೆಗೆ ಮ್ಯಾಗ್ನೆಟೊ ತನ್ನ ಅಯಸ್ಕಾಂತದಿಂದಲೇ ಕಿಡಿ ಹುಟ್ಟಿಸುತ್ತದೆ. ಒಂದು ಕೈಕೊಟ್ಟರೆ ಇನ್ನೊಂದಿದೆ ಎಂದೆ. "ಅಂದ್ರೆ ನಮ್ಮ ಲೂನಾ ತರ" ಎಂದರು. ಅವರ ಬಾಯಲ್ಲಿ ಅದು ಹೊಗಳಿಕೆ.

ಆಮೇಲೆ ಡಿಪ್ ಸ್ಟಿಕ್ ಎಳೆದು, ತುದಿಯ ಆಯಿಲನ್ನು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ, ಬೆರಳು ಅಗಲಿಸಿ ಅದರ ಎಳೆ ನೋಡಿದರು, ಮೂಸಿದರು. ನಾವೂ ಐವತ್ತು ಗಂಟೆಗೊಮ್ಮೆ ಆಯಿಲ್ ಬದಲಿಸುವಾಗ ಇದನ್ನೇ ಮಾಡುತ್ತೇವೆ, ಸ್ವಲ್ಪ ಬೇರೆ ರೀತಿಯಲ್ಲಿ: ಹಳೆಯ ಫಿಲ್ಟರಿನ ತಗಡನ್ನು ಡಬ್ಬಿ ಬಿಚ್ಚಿದಂತೆ ಕತ್ತರಿಸಿ, ಒಳಗಿನ ಮಡಿಕೆ ಕಾಗದವನ್ನು ಬಿಸಿಲಿಗೆ ಹರಡಿ, ಲೋಹದ ಪುಡಿ ಮಿನುಗುತ್ತದೆಯೇ ಎಂದು ಅಯಸ್ಕಾಂತ ಆಡಿಸಿ ನೋಡುವುದು. ಒಂದು ಸಣ್ಣ ಬಾಟಲಿ ಆಯಿಲ್ ಪ್ರಯೋಗಾಲಯಕ್ಕೂ ಹೋಗುತ್ತದೆ. ಅಲ್ಲಿಂದ ಕಬ್ಬಿಣ ಇಷ್ಟು, ತಾಮ್ರ ಇಷ್ಟು ಎಂದು ರಕ್ತಪರೀಕ್ಷೆಯ ಹಾಗೆ ವರದಿ ಬರುತ್ತದೆ. ಅಪ್ಪ ವರದಿ ನೋಡಿ, ತಮ್ಮ ಬೆರಳು ನೋಡಿಕೊಂಡು, "ಪರವಾಗಿಲ್ಲ, ಎರಡೂ ಒಂದೇ ಹೇಳ್ತವೆ" ಎಂದರು.

ಅವರಿಗೆ ಅತ್ಯಂತ ಹಿಡಿಸಿದ್ದು ಲಾಗ್‌ಬುಕ್ಕು. ಬಾಡಿಗೊಂದು, ಎಂಜಿನ್ನಿಗೊಂದು. 1975ರಿಂದ ಈಚೆಗೆ ಈ ವಿಮಾನವನ್ನು ಮುಟ್ಟಿದ ಪ್ರತಿ ಕೈಯ ಬರಹ ಅದರಲ್ಲಿದೆ. ನೀಲಿ ಶಾಯಿ, ಟೈಪ್‌ರೈಟರ್, ಪ್ರಿಂಟರಿನ ಅಂಟುಚೀಟಿ. ಯಾವ ಟೈರು ಯಾವತ್ತು ಬದಲಾಯಿತು, ಯಾವ ಸಿಲಿಂಡರ್ ಬಿಚ್ಚಿದರು, 1988ರಲ್ಲಿ ಯಾರೋ ಬಾಗಿಲನ್ನು ಗುದ್ದಿಸಿದ್ದನ್ನು ಯಾರು ಸರಿಮಾಡಿದರು, ಎಲ್ಲಕ್ಕೂ ಕೆಳಗೆ ಸಹಿ, ಸರ್ಟಿಫಿಕೇಟ್ ನಂಬರು. ವರ್ಷಕ್ಕೊಂದು ಸಲ ವಾರ್ಷಿಕ ತಪಾಸಣೆ ಆಗಲೇಬೇಕು, ಹನ್ನೆರಡು ತಿಂಗಳು ಮುಗಿದ ಮೇಲೆ ಒಂದು ದಿನ ಹೆಚ್ಚಾದರೂ ಹಾರುವಂತಿಲ್ಲ ಎಂದೆ. "ಎಫ್‌ಸಿ" ಎಂದು ತಲೆಯಾಡಿಸಿದರು. ಎಫ್‌ಸಿಯೇ. ನಮ್ಮದು ಜನವರಿಯಲ್ಲಿ ಬರುತ್ತದೆ. ಸೀಟು, ನೆಲದ ಹಲಗೆ, ಮುಚ್ಚಳ ಎಲ್ಲ ಕಿತ್ತು ಹಾಕಿದಾಗ ಹ್ಯಾಂಗರು ಮದುವೆಮನೆಯ ಮಾರನೇ ದಿನದ ಹಾಗಿರುತ್ತದೆ. ಪಾಲುದಾರರು ಸ್ಕ್ರೂ ಬಿಚ್ಚಿ ತೊಳೆದು ಕೊಡುತ್ತೇವೆ. ನೋಡಿ ಸಹಿ ಮಾಡುವುದು ಅಧಿಕಾರ ಇರುವ ಮೆಕ್ಯಾನಿಕ್. ಪ್ರತಿ ಸಿಲಿಂಡರಿಗೆ 80 ಪೌಂಡ್ ಒತ್ತಡದ ಗಾಳಿ ಬಿಟ್ಟು ಎಷ್ಟು ಹಿಡಿದಿಟ್ಟುಕೊಳ್ಳುತ್ತದೆ ಎಂದು ನೋಡುತ್ತಾನೆ. ಎರಡು ವರ್ಷದ ಹಿಂದೆ ಸೈಲೆನ್ಸರಿನಲ್ಲಿ ಕೂದಲೆಳೆಯಷ್ಟು ಬಿರುಕು ಸಿಕ್ಕಿತ್ತು. ಒಳಗೆ ಕೂತವರನ್ನು ಬೆಚ್ಚಗಿಡುವ ಗಾಳಿ ಅದೇ ಸೈಲೆನ್ಸರಿನ ಮೈ ಸವರಿ ಬರುವಂಥದ್ದು. ಬಿರುಕು ಬಿಟ್ಟರೆ ಕಾರ್ಬನ್ ಮಾನಾಕ್ಸೈಡು ವಾಸನೆಯೂ ಇಲ್ಲದೆ ಒಳಗೆ ಬರುತ್ತದೆ, ಚಾಲಕ ತೂಕಡಿಸುತ್ತಾನೆ. ಆ ವರ್ಷ ಮೂವರೂ ಸೇರಿ ಸೈಲೆನ್ಸರಿಗೆ ತೆತ್ತ ದುಡ್ಡಿನಲ್ಲಿ ಊರಿಗೆ ಎರಡು ಸಲ ಹೋಗಿಬರಬಹುದಿತ್ತು. ಇಷ್ಟಾಗಿ ನಾನು ಗಾಳಿಯಲ್ಲಿರುವುದು ತಿಂಗಳಿಗೆ ನಾಲ್ಕೈದು ಗಂಟೆ. ಉಳಿದದ್ದೆಲ್ಲ ನೆಲದ ಮೇಲಿನ ಸಂಸಾರ.

ಭಾನುವಾರ ಬೆಳಿಗ್ಗೆ ರೆಕ್ಕೆಯ ಕೆಳಗೆ ಬಗ್ಗಿ, ಪಾರದರ್ಶಕ ಕೊಳವೆಯಲ್ಲಿ ಪೆಟ್ರೋಲ್ ಬಸಿದು ಅಪ್ಪನ ಕೈಗೆ ಕೊಟ್ಟೆ. ನೀರು ಸೇರಿದ್ದರೆ ತಳದಲ್ಲಿ ಗುಳ್ಳೆಯಾಗಿ ನಿಲ್ಲುತ್ತದೆ. ಬೇರೆ ದರ್ಜೆಯ ಎಣ್ಣೆ ಬಿದ್ದಿದ್ದರೆ ಬಣ್ಣ ಕೆಟ್ಟಿರುತ್ತದೆ. ಅಪ್ಪ ಬಿಸಿಲಿಗೆ ಹಿಡಿದು, "ಬಿಳಿ ಪಂಚೆಗೆ ನೀಲಿ ಹಾಕಿದ ನೀರಿನ ಹಾಗಿದೆಯಲ್ಲಾ" ಎಂದರು. ಆ ನೀಲಿ ಗುರುತಿಗೆಂದೇ ಬೆರೆಸಿದ್ದು. ಈ ಪೆಟ್ರೋಲಿನ ಹೆಸರು 100ಎಲ್ಎಲ್. ಎಲ್ಎಲ್ ಅಂದರೆ ಸೀಸ ಕಡಿಮೆ ಎಂದರ್ಥ. ಕಡಿಮೆ ಎನ್ನುವುದು ಬರೀ ಮಾತು, ಲೀಟರಿಗೆ ಅರ್ಧ ಗ್ರಾಮಿಗೂ ಮಿಕ್ಕಿ ಸೀಸ ಇರಬಹುದು. ಅಪ್ಪ ಕೊಳವೆಯನ್ನು ಮೂಗಿನಿಂದ ದೂರ ಹಿಡಿದರು. "ನಮ್ಮಲ್ಲಿ 2000ದಲ್ಲೇ ತೆಗೆದ್ರು ಇದನ್ನ. ನಿಮ್ಮಲ್ಲಿ ಇನ್ನೂ ಇದೆಯಾ?" ಅವರಿಗೆ ಕೊಡಲು ನನ್ನ ಹತ್ತಿರ ಒಳ್ಳೆಯ ಉತ್ತರ ಇರಲಿಲ್ಲ. ಇಲ್ಲಿನ ಸಾಂತಾ ಕ್ಲಾರಾ ಕೌಂಟಿ ತನ್ನ ನಿಲ್ದಾಣಗಳಲ್ಲಿ 2022ರ ಜನವರಿಯಿಂದ ಸೀಸದ ಪೆಟ್ರೋಲ್ ಮಾರುವುದನ್ನು ನಿಲ್ಲಿಸಿದೆ. ರಾಜ್ಯವೂ 2031ರಿಂದ ನಿಲ್ಲಿಸಲು ಕಾನೂನು ಮಾಡಿದೆ. ನಿಲ್ದಾಣದ ಬೇಲಿಗೆ ಅಂಟಿಕೊಂಡೇ ಶಾಲೆ ಮನೆಗಳಿರುವ ಊರುಗಳಲ್ಲಿ ನನ್ನಂಥವನ ಭಾನುವಾರದ ಖುಷಿಗೆ ಯಾರದೋ ಮಗು ಸೀಸ ಉಸಿರಾಡುವುದನ್ನು ಯಾವ ವಾದದಿಂದಲೂ ಸಮರ್ಥಿಸಲಾರೆ. ಸಮರ್ಥಿಸಲಾರೆ, ಆದರೂ ತುಂಬಿಸುತ್ತೇನೆ. ಅದು ನನ್ನ ಹುಳುಕು.

ಅವತ್ತು ಲಿವರ್‌ಮೋರ್‌ನಲ್ಲಿ ಕಲಿಯುವ ಹುಡುಗರ ವಿಮಾನಗಳು ರನ್‌ವೇಗೆ ಸಾಲುಗಟ್ಟಿದ್ದವು. ಹದಿನೈದು ನಿಮಿಷ ಎಂಜಿನ್ನನ್ನು ನಿಧಾನಕ್ಕೆ ತಿರುಗಲು ಬಿಟ್ಟು ಕಾದೆವು. ಅಪ್ಪನಿಗೆ ಗಡಿಯಾರಗಳನ್ನೆಲ್ಲ ವಿವರಿಸುವ ಉತ್ಸಾಹದಲ್ಲಿ ಒಂದು ಕೆಲಸ ಮರೆತೆ. ನೆಲದ ಮೇಲೆ ಕಾಯುವಾಗ ಕೆಂಪು ಗುಂಡಿ ಹೊರಗೆಳೆದು ಪೆಟ್ರೋಲಿನ ಪಾಲು ಕಮ್ಮಿ ಮಾಡಬೇಕು. ನಾನು ಮಾಡಲಿಲ್ಲ. ಇದರ ಬಡ್ಡಿ ಮಧ್ಯಾಹ್ನ ತೆರಬೇಕಾಯಿತು.

ಆಲ್ಟಮಾಂಟ್ ಕಣಿವೆಯ ಗಾಳಿಗಿರಣಿಗಳು ಕೆಳಗೆ ಸರಿದವು. ವರ್ಷದ ಉಳಿದ ಕಾಲವೆಲ್ಲ ಒಣಹುಲ್ಲಿನ ಬಣ್ಣದಲ್ಲಿರುವ ಆ ಗುಡ್ಡಗಳು ಮಳೆ ಮುಗಿದ ಆ ವಾರ ಹಸಿರಾಗಿದ್ದವು. ಆಚೆಗೆ ಮಧ್ಯದ ಬಯಲು. 5,500 ಅಡಿಯಿಂದ ಕಾಲುವೆಗಳು ಗೀಟು ಹಾಕಿದಂತೆ ಕಾಣುತ್ತಿದ್ದವು. ಬಾದಾಮಿ ತೋಟಗಳೆಲ್ಲ ಹೂಬಿಟ್ಟಿದ್ದವು. ನೆಲಕ್ಕೆ ಮಂಡಕ್ಕಿ ಸುರಿದು ಹರಡಿದ ಹಾಗೆ, ಮೈಲಿಗಟ್ಟಲೆ. ಅಪ್ಪ ಕಿಟಕಿಗೆ ಹಣೆ ಒತ್ತಿ ನೋಡುತ್ತಾರೆಂದು ಕಾದೆ. ಅವರು ಕಣ್ಣು ಮುಚ್ಚಿದ್ದರು. ಹೆದರಿದರೇನೋ ಎಂದು ಹೆಡ್‌ಸೆಟ್ಟಿನಲ್ಲಿ ಕೇಳಿದರೆ, "ಎಂಜಿನ್ ಕೇಳ್ತಿದೀನಿ. ಇದೊಂದು ಕಿವಿಗೆ ಹಾಕಿದ್ದೀಯ, ಏನೂ ಸರಿ ಕೇಳಲ್ಲ" ಎಂದು ಹೆಡ್‌ಸೆಟ್ಟಿನ ಒಂದು ಬದಿ ಎತ್ತಿ ಹಿಡಿದರು. ಹಾಗೇ ಅರ್ಧ ದಾರಿ ಬಂದರು.

ಬಯಲು ಮುಗಿದು ತಪ್ಪಲು ಏರುವಲ್ಲಿ ಟೇಬಲ್ ಮೌಂಟನ್ ಸಿಗುತ್ತದೆ. ಮೇಲಿನಿಂದ ನೋಡದಿದ್ದರೆ ಇದರ ಸ್ವಾರಸ್ಯ ತಿಳಿಯುವುದೇ ಇಲ್ಲ. ಚಪ್ಪಟೆ ನೆತ್ತಿಯ ಕಪ್ಪು ಗುಡ್ಡ, ಹೊಳೆಯ ಹಾಗೆ ತಿರುವು ತೆಗೆದುಕೊಳ್ಳುತ್ತ ಮೈಲಿಗಟ್ಟಲೆ ಹೋಗುತ್ತದೆ. ಹೊಳೆಯ ಹಾಗೆ ಯಾಕೆಂದರೆ ಅದು ಹೊಳೆಯೇ ಆಗಿತ್ತು. ಸುಮಾರು ಒಂದು ಕೋಟಿ ವರ್ಷದ ಹಿಂದೆ ಲಾವಾ ಹರಿದು ನದಿಯ ಪಾತ್ರ ತುಂಬಿ ಗಟ್ಟಿಯಾಯಿತು. ಅಕ್ಕಪಕ್ಕದ ಮೆದು ದಡಗಳು ಮಳೆಗೆ ಕೊಚ್ಚಿಹೋದವು, ತಗ್ಗಿನಲ್ಲಿದ್ದ ಪಾತ್ರ ಗುಡ್ಡವಾಗಿ ನಿಂತಿತು. ಕೆಳಗೆ ಹುದುಗಿದ ಹಳೇ ಮರಳಿನಲ್ಲಿ ಚಿನ್ನ ಇದೆಯೆಂದು ಗಣಿಗಾರರು ಆ ಕಲ್ಲಿನಡಿ ಸುರಂಗ ತೋಡಿದರು. ಇದನ್ನು ಹೇಳಿದಾಗ ಅಪ್ಪ ಕೊನೆಗೂ ಹೆಡ್‌ಸೆಟ್ ಸರಿಯಾಗಿ ಹಾಕಿಕೊಂಡರು. "ದಡ ಹೋಗಿ ಹೊಳೆ ಉಳೀತು ಅನ್ನು" ಎಂದು ಎರಡು ಸಲ ಹೇಳಿಕೊಂಡರು.

ಕೊಲಂಬಿಯಾ ನಿಲ್ದಾಣಕ್ಕೆ ಟವರ್ ಇಲ್ಲ. ಎಲ್ಲಿದ್ದೇನೆ, ಯಾವ ಕಡೆಯಿಂದ ಇಳಿಯುತ್ತೇನೆ ಎಂದು ರೇಡಿಯೋದಲ್ಲಿ ನಾವೇ ಕೂಗಿ ಹೇಳಿಕೊಂಡು ಇಳಿಯಬೇಕು. ಸಮುದ್ರಮಟ್ಟದಿಂದ 2,100 ಅಡಿ ಎತ್ತರ, ಸುತ್ತ ಪೈನ್ ಮತ್ತು ಓಕ್. ಒಂದು ಬದಿಗೆ ಕಾಳ್ಗಿಚ್ಚು ಆರಿಸುವ ವಿಮಾನಗಳ ನೆಲೆ. ಊರು ಇಲ್ಲಿಂದ ಕಾಲ್ನಡಿಗೆಯ ದೂರ. 1850ರಲ್ಲಿ ಚಿನ್ನ ಸಿಕ್ಕಿ ಎದ್ದ ಊರು. 1945ರಿಂದ ರಾಜ್ಯದ ಐತಿಹಾಸಿಕ ಉದ್ಯಾನ. ಮುಖ್ಯಬೀದಿಗೆ ಕಾರು ಬಿಡುವುದಿಲ್ಲ, ಕುದುರೆ ಗಾಡಿ ಓಡುತ್ತದೆ. ಇಟ್ಟಿಗೆಯ ಅಂಗಡಿಗಳು, ಕಬ್ಬಿಣದ ಬಾಗಿಲುಗಳು, ಮಕ್ಕಳು ಚಿನ್ನ ಜಾಲಿಸುವ ತೊಟ್ಟಿ. ಇವೆಲ್ಲ ಪ್ರವಾಸಿಗರಿಗೆ ಇಟ್ಟ ಪ್ರದರ್ಶನ, ನನಗೆ ಅಷ್ಟಕ್ಕಷ್ಟೆ. ನೋಡಬೇಕಾದ್ದು ಊರಂಚಿನ ಕಲ್ಲುಗಳು. ಚಿನ್ನಕ್ಕಾಗಿ ಮಣ್ಣನ್ನೆಲ್ಲ ತೊಳೆದುಬಿಟ್ಟ ಮೇಲೆ ಉಳಿದ ಅಮೃತಶಿಲೆಯ ಬಂಡೆಗಳು, ಆಳೆತ್ತರ, ಸವೆದ ಹಲ್ಲುಗಳ ಹಾಗೆ. ಅಪ್ಪ ಒಂದು ಬಂಡೆಯ ನೆರಳಿಗೆ ಕೂತು ಬುತ್ತಿ ಬಿಚ್ಚಿದರು. ಪಿನ್ನನ್ನು ಮರೆಯದೆ ಅಂಗಿಯ ಜೇಬಿಗೆ ಚುಚ್ಚಿಕೊಂಡರು. ಚಪಾತಿ, ಬದನೆಕಾಯಿ ಪಲ್ಯ, ಒಣ ಅವಲಕ್ಕಿ. "ಕೆಜಿಎಫ್‌ನಲ್ಲಿ ಮಣ್ಣಿನ ಗುಡ್ಡ ಉಳೀತು, ಇಲ್ಲಿ ಮಣ್ಣೇ ಉಳೀಲಿಲ್ಲ" ಎಂದರು.

ಮೂರೂವರೆಗೆ ಹೊರಡಲು ಕೂತೆವು. ರನ್‌ವೇಯ ತುದಿಯಲ್ಲಿ ನಿಂತು ಎಂಜಿನ್ನನ್ನು ನಿಮಿಷಕ್ಕೆ 1,700 ಸುತ್ತಿಗೆ ಏರಿಸಿ, ಎರಡು ಮ್ಯಾಗ್ನೆಟೊಗಳನ್ನು ಒಂದೊಂದಾಗಿ ಪರೀಕ್ಷಿಸುವುದು ಕ್ರಮ. ಒಂದನ್ನು ಆರಿಸಿದಾಗ ಸುತ್ತು ಸ್ವಲ್ಪ ಇಳಿಯುವುದು ಸಹಜ. 125ಕ್ಕಿಂತ ಹೆಚ್ಚು ಇಳಿಯಬಾರದು. ಎಡಗಡೆಯದು 70 ಇಳಿಯಿತು. ಬಲಗಡೆಗೆ ಕೀಲಿ ತಿರುಗಿಸಿದ್ದೇ ತಡ ಇಡೀ ವಿಮಾನ ನಡುಗಿತು. ನಾನು ಮೀಟರಿನ ಮುಳ್ಳು ಓದುವಷ್ಟರಲ್ಲಿ ಅಪ್ಪ, "ಮಿಸ್ ಹೊಡೀತಿದೆ. ಒಂದು ಸಿಲಿಂಡರ್ ಇಲ್ಲ" ಎಂದರು.

ಪ್ಲಗ್ ಶಾರ್ಟ್. ಇದು ಈ ಎಂಜಿನ್ನಿನ ಹುಟ್ಟುಗುಣ. ಇದನ್ನು ರೂಪಿಸಿದ್ದು 80 ಆಕ್ಟೇನಿನ ಪೆಟ್ರೋಲಿಗೆ. ಆ ಪೆಟ್ರೋಲು ಮಾರುಕಟ್ಟೆಯಿಂದ ಮಾಯವಾಗಿ ಎಷ್ಟೋ ಕಾಲವಾಯಿತು. ಈಗ ಕುಡಿಸುತ್ತಿರುವ ನೀಲಿ ಎಣ್ಣೆಯಲ್ಲಿ ಅದರ ನಾಲ್ಕು ಪಟ್ಟು ಸೀಸ. ಎಂಜಿನ್ ಬಿಸಿಯಾಗಿ ದುಡಿಯುತ್ತಿದ್ದರೆ ಸೀಸ ಹೊಗೆಯ ಜೊತೆ ಹೊರಟುಹೋಗುತ್ತದೆ. ನಿಧಾನಕ್ಕೆ, ತಣ್ಣಗೆ, ಹೊಟ್ಟೆತುಂಬ ಪೆಟ್ರೋಲು ಕುಡಿದು ನಿಂತರೆ ಪ್ಲಗ್ಗಿನ ಬಾಯಲ್ಲಿ ಮಣಿಯಾಗಿ ಕೂರುತ್ತದೆ. ಬೆಳಿಗ್ಗೆಯ ಆ ಹದಿನೈದು ನಿಮಿಷ. ಮಣಿ ಮೊದಲೇ ಬೆಳೆಯುತ್ತಿದ್ದಿರಬೇಕು, ನಾನು ಕೊನೆಯ ತುತ್ತು ಉಣಿಸಿದೆ.

ಸುಡಲು ನೋಡಿದೆ. ಸುತ್ತು 2,000ಕ್ಕೆ ಏರಿಸಿ, ಪೆಟ್ರೋಲು ಕಮ್ಮಿ ಮಾಡಿ, ಒಂದು ನಿಮಿಷ. ಮತ್ತೆ ಬಲಗಡೆಗೆ ತಿರುಗಿಸಿದರೆ ಅದೇ ನಡುಕ. ಎರಡು ಸಲ ಮಾಡಿದೆ. ಎರಡೂ ಮ್ಯಾಗ್ನೆಟೊ ಒಟ್ಟಿಗೆ ಹಾಕಿದರೆ ಎಂಜಿನ್ ಏನೂ ಆಗದವರ ಹಾಗೆ ಸರಾಗ ಓಡುತ್ತಿತ್ತು. ತಾಪತ್ರಯ ಅಲ್ಲೇ. ಆ ಸಿಲಿಂಡರಿನ ಇನ್ನೊಂದು ಪ್ಲಗ್ ಕೆಲಸ ಮಾಡುತ್ತಿದೆ, ನಲವತ್ತೇ ನಿಮಿಷದ ದಾರಿ, ಬೆಳಗಾದರೆ ಆಫೀಸು, ಅಮ್ಮ ಸಂಜೆ ಚಹಾಕ್ಕೆ ಕಾಯುತ್ತಾಳೆ. ಥ್ರಾಟಲ್ ಮೇಲೆ ಕೈ ಇಟ್ಟುಕೊಂಡು ನಾನು ಎಷ್ಟು ಹೊತ್ತು ಕೂತೆನೋ. ಅಪ್ಪ ನನ್ನ ಕಡೆ ನೋಡಲಿಲ್ಲ. ಎದುರಿನ ಪೈನ್ ಮರಗಳನ್ನು ನೋಡುತ್ತ, "ಡಿಪೋದಲ್ಲಿ ಇಂಥಾ ಹೊತ್ತಿಗೆ ಡ್ರೈವರ್ ನಮ್ಮ ಮುಖ ನೋಡ್ತಿದ್ದ. ನಾವು ಏನೂ ಹೇಳ್ತಿರಲಿಲ್ಲ. ಕೀ ತಗೊಂಡು ಬೋರ್ಡಿಗೆ ನೇತು ಹಾಕ್ತಿದ್ವಿ, ಅಷ್ಟೆ" ಎಂದರು.

ಕೆಂಪು ಗುಂಡಿಯನ್ನು ಪೂರ್ತಿ ಹೊರಗೆಳೆದೆ. ಪ್ರೊಪೆಲ್ಲರ್ ನಿಂತಿತು.

ಕೌಲಿಂಗ್ ಬಿಚ್ಚುವ ಸ್ಕ್ರೂಡ್ರೈವರ್ ಇತ್ತು. ಪ್ಲಗ್ ಬಿಚ್ಚುವ ಉದ್ದ ಸಾಕೆಟ್ ಇರಲಿಲ್ಲ. ಮನೆಯ ಗ್ಯಾರೇಜಿನಲ್ಲಿ ಚೆಂದಕ್ಕೆ ಜೋಡಿಸಿಟ್ಟಿದ್ದೆ. ಅಪ್ಪ ನನ್ನ ಹತಾರದ ಚೀಲದೊಳಗೆ ಒಮ್ಮೆ ಕಣ್ಣಾಡಿಸಿ ಸುಮ್ಮನಾದರು, ಬೈದಿದ್ದರೆ ಒಳ್ಳೆಯದಿತ್ತು. ಆದರೆ ಯಾವ ಸಿಲಿಂಡರ್ ಎಂದು ಅವತ್ತೇ ಪತ್ತೆ ಮಾಡಿದೆವು. ಬರೀ ಬಲ ಮ್ಯಾಗ್ನೆಟೊದಲ್ಲಿ ಒಂದು ನಿಮಿಷ ಓಡಿಸಿ, ನಿಲ್ಲಿಸಿ, ಕೀಲಿ ಜೇಬಿಗೆ ಹಾಕಿಕೊಂಡು, ಪ್ರೊಪೆಲ್ಲರಿನಿಂದ ದೂರ ನಿಂತು ಕೌಲಿಂಗ್ ತೆಗೆದೆವು. ಅಪ್ಪ ನೀರಿನ ಬಾಟಲಿಯ ಮುಚ್ಚಳದಲ್ಲಿ ನೀರು ಹಿಡಿದು, ಬೆರಳದ್ದಿ, ಒಂದೊಂದು ಹೊಗೆ ಕೊಳವೆಯ ಮೇಲೂ ಹನಿ ಉದುರಿಸಿದರು. ಒಂದನೆಯದು ಚುಂಯ್ ಎಂದಿತು. ಎರಡನೆಯದು, ನಾಲ್ಕನೆಯದು ಚುಂಯ್ ಎಂದವು. ಮೂರನೆಯದರ ಮೇಲೆ ಹನಿ ಹಾಗೇ ಜಾರಿ ಕೆಳಗೆ ಬಿತ್ತು. ಅಮ್ಮ ದೋಸೆ ಕಾವಲಿ ಕಾದಿದೆಯೇ ಎಂದು ನೋಡುವುದೂ ಹೀಗೇ.

ಭಾನುವಾರ ಸಂಜೆ ನಿಲ್ದಾಣದಲ್ಲಿ ಮೆಕ್ಯಾನಿಕ್ ಇರಲಿಲ್ಲ. ಒಂದು ಹ್ಯಾಂಗರಿನಲ್ಲಿ ಎಂಬತ್ತರ ಹತ್ತಿರದ ಮುದುಕರೊಬ್ಬರು ಬಟ್ಟೆ ಹೊದಿಸಿದ ರೆಕ್ಕೆಯ ವಿಮಾನವೊಂದಕ್ಕೆ ಬಣ್ಣ ಹಚ್ಚುತ್ತಿದ್ದರು. ಸಾಕೆಟ್ ಇದೆ, ಟಾರ್ಕ್ ವ್ರೆಂಚೂ ಇದೆ, ಬೆಳಿಗ್ಗೆ ಏಳಕ್ಕೆ ತರುತ್ತೇನೆ ಎಂದರು. ಊರಿನಲ್ಲಿ ಕೋಣೆ ಸಿಗುವ ಕಡೆ ಬಿಟ್ಟೂ ಬಂದರು. ಮನೆಗೆ ಫೋನ್ ಮಾಡಿದಾಗ ಅಮ್ಮ ಕೇಳಿದ್ದು ಒಂದೇ: "ಗಾಡಿ ಕೆಟ್ಟಿದ್ದು ಮೇಲೋ ಕೆಳಗೋ?" ಕೆಳಗೆ ಎಂದೆ. "ಹಂಗಾದ್ರೆ ಉಂಡು ಮಲಗಿ."

ಚಳಿಗೆ ಇಬ್ಬರಿಗೂ ನಿದ್ದೆ ಹತ್ತಲಿಲ್ಲ. ರಾಬರ್ಟ್ ಟಿಮ್ ಮತ್ತು ಜಾನ್ ಕುಕ್ ಅವರ ಕಥೆ ಹೇಳಿದೆ. 1958ರ ಡಿಸೆಂಬರ್ 4ರಂದು ಲಾಸ್ ವೇಗಸ್ಸಿನಿಂದ ಹಾರಿದ ಅವರು ಇಳಿದದ್ದು 1959ರ ಫೆಬ್ರವರಿ 7ಕ್ಕೆ. ಒಂದು ಹೋಟೆಲಿನ ಜಾಹೀರಾತಿಗಾಗಿ, ಇಂಥದ್ದೇ ಒಂದು ಸೆಸ್ನಾ 172ರಲ್ಲಿ, 64 ದಿನ 22 ಗಂಟೆ 19 ನಿಮಿಷ ನೆಲ ಮುಟ್ಟದೆ ಹಾರಿದರು. ಮರುಭೂಮಿಯ ನೇರ ರಸ್ತೆಯಲ್ಲಿ ಲಾರಿ ಓಡುವುದು, ಅದರ ನೆತ್ತಿಯ ಮೇಲೆ ಇವರು ಅದೇ ವೇಗದಲ್ಲಿ ಹಾರುತ್ತ ಕೊಳವೆ ಎಳೆದುಕೊಂಡು ಪೆಟ್ರೋಲು ತುಂಬಿಸಿಕೊಳ್ಳುವುದು, ಊಟವೂ ಹಾಗೇ ಮೇಲೇರುವುದು. ಅಪ್ಪ ಕಂಬಳಿಯೊಳಗಿಂದ, "ಆಯಿಲ್?" ಎಂದರು. ಹಾರುತ್ತಿರುವಾಗಲೇ ಬದಲಿಸುವ ವ್ಯವಸ್ಥೆ ಮಾಡಿಕೊಂಡಿದ್ದರು ಎಂದೆ. "ಪ್ಲಗ್?" ಅದೊಂದು ಆಗುವಂತಿರಲಿಲ್ಲ. ಪ್ಲಗ್ಗಿನಲ್ಲೂ ಸಿಲಿಂಡರಿನಲ್ಲೂ ಮಸಿ ಕಟ್ಟಿ ಎಂಜಿನ್ನಿನ ಬಲ ಕುಂದುತ್ತಾ ಬಂದು, ತುಂಬಿದ ಟ್ಯಾಂಕಿನ ಜೊತೆ ಮೇಲೇರುವುದೇ ಕಷ್ಟವಾದಾಗ ಇಳಿದರು. ಆ ವಿಮಾನ ಈಗ ಲಾಸ್ ವೇಗಸ್ ನಿಲ್ದಾಣದಲ್ಲಿ ಪ್ರಯಾಣಿಕರು ಪೆಟ್ಟಿಗೆಗೆ ಕಾಯುವ ಜಾಗದಲ್ಲಿ ತೂಗುತ್ತಿದೆ. ಅಪ್ಪ ಸ್ವಲ್ಪ ಹೊತ್ತು ಬಿಟ್ಟು, "ಹೋಟೆಲ್ ಜಾಹೀರಾತಿಗೆ ಅಷ್ಟು ದಿನ ಗಾಡಿ ಗೋಳು ಹೊಯ್ಕೊಂಡ್ರಾ" ಎಂದರು. ದಾಖಲೆಯ ಬಗ್ಗೆ ಅವರಿಗೆ ಇದ್ದ ಅಭಿಪ್ರಾಯ ಅಷ್ಟೇ.

ಬೆಳಿಗ್ಗೆ ಏಳಕ್ಕೆ ಮುದುಕರು ಬಂದರು. ಅಪ್ಪನ ಕೈ ನೋಡಿ ಮೊದಲು ಕುಲುಕಿದ್ದು ಅವರದನ್ನೇ. ಒಬ್ಬರ ಭಾಷೆ ಇನ್ನೊಬ್ಬರಿಗೆ ಬರದು. ಎಂಜಿನ್ನಿನ ಎರಡು ಬದಿಗೆ ನಿಂತು ಬೆರಳು ತೋರಿಸಿಕೊಂಡೇ ಹದಿನೈದು ನಿಮಿಷ ಮಾತಾಡಿದರು. ಸಾಕೆಟ್ ಕೈಗೆತ್ತಿಕೊಂಡು ಅಪ್ಪನ ಕಡೆ ಚಾಚಿದೆ. ಅವರು ಕೈ ಹಿಂದಕ್ಕೆ ಕಟ್ಟಿಕೊಂಡರು. "ಸಹಿ ಯಾರದು?" ಪೈಲಟ್ ಲೈಸೆನ್ಸ್ ಇರುವ ಮಾಲೀಕ ಆಯಿಲ್ ಬದಲಿಸುವುದು, ಟೈರ್ ಹಾಕುವುದು, ಪ್ಲಗ್ ಶುಚಿ ಮಾಡುವುದು ಮುಂತಾದ ಕೆಲವು ಕೆಲಸ ಮಾತ್ರ ಮಾಡಿ ಸಹಿ ಹಾಕಬಹುದು. ನನ್ನದು ಎಂದೆ. "ಮತ್ತೆ ನೀನೇ ಬಿಚ್ಚು."

ಮೂರನೇ ಸಿಲಿಂಡರಿನ ಕೆಳಗಿನ ಪ್ಲಗ್. ಕೆಳಗಿನವಕ್ಕೇ ಇದು ಜಾಸ್ತಿ, ಹೊಲಸೆಲ್ಲ ಇಳಿದು ನಿಲ್ಲುವುದು ಅಲ್ಲೇ. ಕಾರಿನ ಪ್ಲಗ್ಗಿಗಿಂತ ದಪ್ಪ, ಹೆಬ್ಬೆರಳಿಗಿಂತ ಉದ್ದ. ಕೈ ಜಾರಿ ಬಿದ್ದರೆ ಅದನ್ನು ಎತ್ತಿ ಹಾಕುವಂತಿಲ್ಲ, ಎಸೆಯಬೇಕು. ಒಳಗಿನ ಪಿಂಗಾಣಿ ಕಣ್ಣಿಗೆ ಕಾಣದ ಹಾಗೆ ಬಿರಿದಿರಬಹುದು. ಬಿಸಿಲಿಗೆ ಹಿಡಿದರೆ ಬಾಯೊಳಗೆ, ಎಲೆಕ್ಟ್ರೋಡಿಗೂ ಗೋಡೆಗೂ ನಡುವೆ, ಸಾಸಿವೆ ಕಾಳಿನಷ್ಟು ಒಂದು ಬೂದು ಮಣಿ. ಅಷ್ಟೆ. ನಮ್ಮನ್ನು ಒಂದು ರಾತ್ರಿ ಹಿಡಿದಿಟ್ಟದ್ದು ಅದು.

ಮುದುಕರು ಹಲ್ಲಿನ ಡಾಕ್ಟರರ ಕೊಕ್ಕೆಯಂಥದ್ದೊಂದು ಇದೆ ಎಂದು ಹ್ಯಾಂಗರಿನಲ್ಲಿ ಹುಡುಕಲು ಹೋದರು, ಸಿಗಲಿಲ್ಲ. ಅಪ್ಪ ಅಂಗಿ ಜೇಬಿನಿಂದ ಬುತ್ತಿಯ ಪಿನ್ನು ತೆಗೆದು ಬಿಡಿಸಿ ಕೊಟ್ಟರು. "ಪಿಂಗಾಣಿಗೆ ತಾಗಿಸಬೇಡ. ಪಕ್ಕದಿಂದ ಎಬ್ಬಿಸು, ಒತ್ತಬೇಡ." ಹತ್ತು ನಿಮಿಷ ಹಿಡಿಯಿತು. ಮಣಿ ಅಂಗೈಗೆ ಬಿದ್ದಾಗ ಅಪ್ಪ ಅದನ್ನು ಕಾಗದದಲ್ಲಿ ಕಟ್ಟಿ ಕಸದ ಡಬ್ಬಿಗೆ ಹಾಕಿ, ನನ್ನನ್ನು ನಲ್ಲಿಯ ಹತ್ತಿರ ಕಳಿಸಿದರು. ಆಮೇಲೆ ಗ್ಯಾಪ್ ಅಳೆದು, ಮುದುಕರು ಕೊಟ್ಟ ಹೊಸ ತಾಮ್ರದ ಬಿಲ್ಲೆ ಹಾಕಿ, ಕೈಯಲ್ಲೇ ಕೊನೆಯವರೆಗೆ ತಿರುಗಿಸಿ, ಟಾರ್ಕ್ ವ್ರೆಂಚಿನಲ್ಲಿ ಬಿಗಿ ಮಾಡಿದೆ. ಎಂಜಿನ್ ಶುರು ಮಾಡಿ 1,700ಕ್ಕೆ ಏರಿಸಿದೆ. ಎಡ 70. ಬಲ 75. ಹೊರಗೆ ನಿಂತಿದ್ದ ಅಪ್ಪ ಹೆಬ್ಬೆರಳು ಎತ್ತಲಿಲ್ಲ. ತಲೆ ಒಂದು ಕಡೆ ವಾಲಿಸಿ ಕೇಳುತ್ತಲೇ ಇದ್ದರು.

ಆದರೂ ಹೊರಡಲಾಗಲಿಲ್ಲ. ನಾವಿದ್ದ ತಪ್ಪಲಿನಲ್ಲಿ ಕಣ್ಣು ಕೋರೈಸುವ ಬಿಸಿಲು. ಕೆಳಗಿನ ಬಯಲಿಡೀ ಟೂಲೀ ಮಂಜು. ಮಳೆ ಬಂದು ನೆಲ ನೆಂದ ಮೇಲೆ ಚಳಿಯ ರಾತ್ರಿಗಳಲ್ಲಿ ಆ ಬಯಲು ಹೀಗೆ ತುಂಬಿಕೊಳ್ಳುತ್ತದೆ. ನಿಲ್ದಾಣದಿಂದ ಸ್ವಲ್ಪ ಇಳಿದು ನೋಡಿದರೆ ಪಶ್ಚಿಮಕ್ಕೆ ಬಿಳಿ ಸಮುದ್ರ. ಅಪ್ಪ ಅದನ್ನು ನೋಡಿ ಕಲ್ಲಿನ ಮೇಲೆ ಕೂತರು. "ಆಗುಂಬೆಯಲ್ಲಿ ಲಾಸ್ಟ್ ಬಸ್ ಹಿಂಗೇ ನಿಲ್ತಿತ್ತು. ಪ್ಯಾಸೆಂಜರ್ ಎಲ್ಲ ಇಳಿದು ಚಾ ಕುಡೀತಿದ್ರು." ಉಳಿದಿದ್ದ ಅವಲಕ್ಕಿಯನ್ನು ಮೂವರೂ ತಿಂದೆವು. ಮುದುಕರಿಗೆ ಅದರ ಒಗ್ಗರಣೆ ಹಿಡಿಸಿತು, ಮೆಣಸಿನಕಾಯಿ ಹಿಡಿಸಲಿಲ್ಲ. ಹನ್ನೆರಡೂವರೆಗೆ ಮಂಜು ಹರಿಯಿತು. ಹೊರಡುವ ಮೊದಲು ಕಾಯುವಾಗ ಕೆಂಪು ಗುಂಡಿಯನ್ನು ನಾನು ಮುಟ್ಟುವ ಮೊದಲೇ ಅಪ್ಪನ ಬೆರಳು ಅದರ ಕಡೆ ತೋರಿಸಿತು.

ಲಿವರ್‌ಮೋರ್‌ನಲ್ಲಿ ಇಳಿದು, ಹಗ್ಗ ಕಟ್ಟಿ, ಎಂಜಿನ್ನಿನ ಲಾಗ್‌ಬುಕ್ ತೆಗೆದು ಬರೆದೆ: ತಾರೀಕು, ಎಂಜಿನ್ ಗಂಟೆ, ಮೂರನೇ ಸಿಲಿಂಡರಿನ ಕೆಳ ಪ್ಲಗ್ ಬಿಚ್ಚಿ ಶುಚಿ ಮಾಡಿ ಗ್ಯಾಪ್ ನೋಡಿ ಹಾಕಿದೆ, ನೆಲದ ಮೇಲೆ ಓಡಿಸಿ ನೋಡಿದೆ, ಸರಿ ಇದೆ. ಸಹಿ, ನಂಬರು. ಅಪ್ಪ ಕನ್ನಡಕ ಹಾಕಿಕೊಂಡು, ಬೆರಳಿಟ್ಟು ಓದಿ, "ಮುಂದಿನ ಆಯಿಲ್ ಯಾವಾಗ?" ಎಂದರು. ಹನ್ನೊಂದು ಗಂಟೆ ಬಾಕಿ ಇದೆ ಎಂದೆ. ತಾವು ಊರಿಗೆ ಹೊರಡುವ ದಿನ ಎಣಿಸಿಕೊಂಡು, "ಹಂಗಾದ್ರೆ ಅಷ್ಟರೊಳಗೆ ಹಾರಿಸು" ಎಂದರು.

ಮನೆಯಲ್ಲಿ ಅಮ್ಮ ಡಬ್ಬಿ ತೊಳೆಯಲು ಹಾಕಿ, ಸೀರೆ ತುಂಡು ಕೊಡವಿ ನೋಡಿದಳು.

"ಪಿನ್ನು ಎಲ್ಲಿ?"

"ಸೀಸ ತಾಗಿದೆ, ಅಡುಗೆಮನೆಗೆ ಬೇಡ" ಎಂದರು ಅಪ್ಪ. "ಅದೀಗ ಗಾಡಿ ಸಾಮಾನು."